ಗವಸು ಹೊಲಿಯುವ ನಯಾಜ್ ಸಾಹೇಬರು

ನಯಾಜ್ ಅಹಮದ್ ಅವರ ಮನೆಯಲ್ಲಿ ಬರಿಮೈಯಲ್ಲಿ ನಿಂತ ವಸ್ತು ಒಂದೂ ಸಿಗುವುದಿಲ್ಲ. ಟೀವಿಯ ರಿಮೋಟಿಗೆ ಗವಸು, ಆ ರಿಮೋಟು ಮಲಗುವ ಪೆಟ್ಟಿಗೆಗೂ ಗವಸು, ಗ್ಯಾಸ್ ಸಿಲಿಂಡರಿಗೆ ನೆರಿಗೆ ಹಿಡಿದ ಲಂಗ, ಮಿಕ್ಸಿಗೆ ಟೊಪ್ಪಿ, ಸ್ಕೂಟರಿನ ಸೀಟಿಗೆ ಒಂದು, ಅದರ ಎರಡು ಕನ್ನಡಿಗಳಿಗೆ ಕೂಸಿನ ಕಾಲುಚೀಲದಂಥ ಎರಡು, ಕೊಡೆಯ ಜೊತೆ ಬಂದ ಚೀಲ ಹಾಳಾಗಬಾರದೆಂದು ಆ ಚೀಲದ ಮೇಲೆ ಮತ್ತೊಂದು ಚೀಲ. ಗೋಡೆಯ ಗಡಿಯಾರವನ್ನೂ ಅವರು ಬಿಟ್ಟವರಲ್ಲ. ಮುಖದ ಕಡೆ ಮಾತ್ರ ತೆಳು ಪ್ಲಾಸ್ಟಿಕ್ಕಿನ ಕಿಟಕಿಯಿಟ್ಟು ಉಳಿದ ಮೈಯನ್ನೆಲ್ಲ ಬಟ್ಟೆಯಲ್ಲಿ ಮುಚ್ಚಿದ್ದಾರೆ. ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೊಸ ಸಾಮಾನು ಬಂದರೂ ಎರಡು ದಿನದೊಳಗೆ ಅದಕ್ಕೊಂದು ಗವಸು ತಾನಾಗಿ ಬಂದು ಸೇರುತ್ತದೆ, ಕೇಳಿದರೂ ಬಂತು, ಕೇಳದಿದ್ದರೂ ಬಂತು. ನಮ್ಮ ಮನೆಯ ಫ್ರಿಜ್ಜಿನ ಹಿಡಿಕೆಗೂ ಒಂದಿದೆ, ಗುಲಾಬಿ ಬಣ್ಣದ್ದು.

ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಇಕ್ಕಟ್ಟಿನ ರಸ್ತೆಯೊಂದರಲ್ಲಿ ಅವರ ಹಾಸಿಗೆ ಅಂಗಡಿ. ತಂದೆಯ ಕಾಲದಿಂದಲೂ ಹತ್ತಿ ಹಿಂಜಿ, ಪಟ್ಟೆ ಬಟ್ಟೆಗೆ ತುಂಬಿ, ದಬ್ಬಳದಲ್ಲಿ ಹೊಲಿದು ತುಮಕೂರಿನ ಅರ್ಧ ಊರನ್ನು ಮಲಗಿಸಿದ ಮನೆತನ ಅದು. ಚಿಕ್ಕಂದಿನಿಂದ ಬಲಹೆಗಲ ಮೇಲೆ ಹಾಸಿಗೆಯ ಸುರುಳಿ ಹೊತ್ತು ಮನೆಮನೆಗೆ ಮುಟ್ಟಿಸಿದ್ದರ ಫಲವಾಗಿ ಸಾಹೇಬರ ನಡಿಗೆ ಎಡಕ್ಕೆ ವಾಲಿದೆ. ಹೆಗಲು ಖಾಲಿ ಇದ್ದಾಗಲೂ ಅವರು ಕಾಣದ ಹಾಸಿಗೆಯೊಂದನ್ನು ಹೊತ್ತವರಂತೆಯೇ ನಡೆಯುತ್ತಾರೆ. ಬಿಸಿಲಾಗಲಿ ಚಳಿಯಾಗಲಿ ಮೈಮೇಲೆ ತೋಳಿಲ್ಲದ ಬೂದುಬಣ್ಣದ ಕೋಟು, ಅದರ ಕಾಲರಿನಲ್ಲಿ ದಾರ ಪೋಣಿಸಿದ ಸೂಜಿ. ಮಾತಾಡುತ್ತ ಮಾತಾಡುತ್ತ ಎದುರಿಗಿದ್ದುದನ್ನು ಗೇಣಿನಲ್ಲಿ ಅಳೆಯುವುದು ಅವರ ಕೈಗಳಿಗೆ ಅಂಟಿದ ಚಾಳಿ. ಮಗಳು ಅರ್ಜೂವಿನ ಸಂಬಂಧ ಕುದುರಿಸಲು ಗುಬ್ಬಿಯ ಬೀಗರ ಮನೆಗೆ ಹೋದಾಗಲೂ, ಹುಡುಗನ ಗುಣನಡತೆ ವಿಚಾರಿಸುತ್ತಲೇ ಅವರ ಟೀಪಾಯಿಯ ಉದ್ದಗಲ ತೆಗೆದುಕೊಂಡು ಬಂದು, ನಿಶ್ಚಿತಾರ್ಥಕ್ಕೆ ಹಣ್ಣುಹೂವಿನ ತಟ್ಟೆಯ ಜೊತೆ ಅದಕ್ಕೊಂದು ಗವಸನ್ನೂ ಒಯ್ದರು. ಬೀಗರು ಮೊದಲು ಬೆಪ್ಪಾದರು, ಆಮೇಲೆ ಹಾಕಿ ನೋಡಿದರು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಯಾಕೆ ಇಷ್ಟೆಲ್ಲ ಎಂದು ಯಾರಾದರೂ ಛೇಡಿಸಿದರೆ ಅವರ ಬಾಯಿಂದ ಬರುವುದು ಒಂದೇ ಮಾತು: "ಧೂಳಿಗೆ ಕಣ್ಣಿಲ್ಲ ಕಣ್ರೀ." ಮದುವೆಯ ಮಾತಿಗೂ ಅದೇ, ಮಾರ್ಕೆಟ್ಟಿನ ಮಾತಿಗೂ ಅದೇ, ಸತ್ತವರ ಮನೆಯಲ್ಲಿ ಸಮಾಧಾನ ಹೇಳುವಾಗಲೂ ನಿಟ್ಟುಸಿರಿನ ಜೊತೆ ಅದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ಗಿರಾಕಿಗಳು ಅಂಗಡಿಯಲ್ಲಿ ನಿಂತು ಹೇಳಿದರೆ ಮಾತ್ರ ಅವರಿಗೆ ಸಿಟ್ಟು. "ಅದು ಹಾಸಿಗೆ ಹೊಲಿಯೋಕೆ ಬರದೇ ಇದ್ದೋರು ಮಾಡಿರೋ ಗಾದೆ. ಕಾಲು ಇದ್ದಷ್ಟು ಹಾಸಿಗೆ ನಾನು ಕೊಡ್ತೀನಿ, ನೀವು ಚಾಚ್ರೀ," ಎನ್ನುತ್ತಾರೆ.

ಆದರೆ ಈ ಗವಸಿನ ಹಿಂದೆ ನಗೆಯಷ್ಟೇ ಇಲ್ಲ. ನಯಾಜ್ ಹುಡುಗರಾಗಿದ್ದಾಗ ಅಂಗಡಿಯಲ್ಲಿ ಒಂದು ರೇಡಿಯೋ ಇತ್ತು. ಒಂದು ದಿನ ಅದು ಕೆಮ್ಮಿದಂತೆ ಸದ್ದು ಮಾಡಿ ನಿಂತುಹೋಯಿತು. ಬೆನ್ನು ಬಿಚ್ಚಿ ನೋಡಿದರೆ ಒಳಗೆಲ್ಲ ಹತ್ತಿಯ ನವಿರು ಗೂಡು ಕಟ್ಟಿತ್ತು. ಅದಾದ ಕೆಲವು ವರ್ಷಕ್ಕೆ ತಂದೆಯೂ ಕೆಮ್ಮಿ ಕೆಮ್ಮಿಯೇ ಹೋದರು. ಆ ಎದೆಯೊಳಗೂ ಅದೇ ಹತ್ತಿಯ ಧೂಳು ಎಂದು ಡಾಕ್ಟರು ಹೇಳಿದ್ದು ಹುಡುಗನ ಕಿವಿಗೆ ಬಿತ್ತು. ಲೋಕದಲ್ಲಿ ಒಳ್ಳೆಯದೆಲ್ಲ ಕೆಡುವುದು ಹೊರಗಿನಿಂದ ಒಳಕ್ಕೆ ನುಸುಳುವ ಸಣ್ಣದೊಂದರಿಂದ, ಅದನ್ನು ತಡೆದರೆ ಎಲ್ಲವೂ ಉಳಿಯುತ್ತದೆ ಎಂಬ ನಂಬಿಕೆ ಆಗ ಮನಸ್ಸಿನಲ್ಲಿ ಕೂತದ್ದು ಮತ್ತೆ ಏಳಲಿಲ್ಲ. ಸಾಹೇಬರು ಈ ವಿಷಯವನ್ನು ಯಾರ ಹತ್ತಿರವೂ ಎತ್ತುವುದಿಲ್ಲ. ನಮಗೆ ಇದನ್ನು ಹೇಳಿದ್ದು ಅವರ ಅಕ್ಕ ಜಮಾಲುನ್ನೀಸಾ.

ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಈ ಅಕ್ಕ, ಗಂಡ ತೀರಿಕೊಂಡ ಮೇಲೆ ಕುಣಿಗಲ್ಲಿನಲ್ಲಿ ಫ್ಯಾನ್ಸಿ ಸ್ಟೋರ್ ಇಟ್ಟಿರುವ ಮಗ ಝುಬೇರನ ಮನೆಯಲ್ಲಿ ಒಂದು ಕಾಲು, ಉಪ್ಪಾರಹಳ್ಳಿಯ ತಮ್ಮನ ಮನೆಯಲ್ಲಿ ಒಂದು ಕಾಲು ಇಟ್ಟುಕೊಂಡು ಬಾಳಿದವರು. ಎರಡೂ ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವರು ಆಪಾ. ಗವಸಿನ ವಿಷಯದಲ್ಲಿ ತಮ್ಮನಿಗೆ ಎದುರಾಡುವ ಅಧಿಕಾರವಿದ್ದದ್ದು ಅವರೊಬ್ಬರಿಗೇ. ಚಿಕ್ಕವನಿದ್ದಾಗ ಇವನು ಚಳಿಯಾಗುತ್ತದೆಂದು ಕೋಳಿಮರಿಗೆ ರಜಾಯಿ ಹೊದಿಸಿ, ಅದು ಉಸಿರುಗಟ್ಟಿ ಕಣ್ಣು ಮೇಲೆ ಮಾಡಿದ್ದಾಗ ತಾನು ಎತ್ತಿ ಬಾಯಿಂದ ಗಾಳಿ ಊದಿ ಬದುಕಿಸಿದ್ದನ್ನು ಆಪಾ ಹೇಳದ ಹಬ್ಬವಿಲ್ಲ. ಆ ಕೋಳಿ ಆಮೇಲೆ ಎಷ್ಟು ಮೊಟ್ಟೆ ಇಟ್ಟಿತೆಂಬುದು ಮಾತ್ರ ಪ್ರತಿ ಸಲ ಹೇಳುವಾಗಲೂ ಸ್ವಲ್ಪ ಹೆಚ್ಚುತ್ತಿತ್ತು.

ಆಪಾ ಹಾಡುತ್ತಿದ್ದರು. ಮನೆಯಲ್ಲಿ ಅರಿಸಿನದ ಶಾಸ್ತ್ರವೆಂದರೆ ಅವರ ಹಾಡು, ಅವರ ಹಾಡೆಂದರೆ ನೆಂಟರಿಷ್ಟರ ಮಾನ ಹರಾಜು. ಮನೆಯ ಉರ್ದುವಿಗೆ ಬೀದಿಯ ಕನ್ನಡ ಬೆರೆಸಿ, ಡೋಲಕಿನ ತಾಳಕ್ಕೆ ಆಗಿಂದಾಗಲೇ ಸಾಲು ಕಟ್ಟಿ, ಬೀಗರ ಜಿಪುಣತನ, ಮದುಮಗನ ಮೂಗು, ಅಡಿಗೆಯವನ ಉಪ್ಪು, ಒಂದನ್ನೂ ಬಿಡದೆ ಎಳೆಯುತ್ತಿದ್ದರು. ದಪ್ಪ ದನಿ, ಅಂಜಿಕೆಯೇ ಇಲ್ಲದ್ದು; ಪಕ್ಕದ ಬೀದಿಯ ಹೆಂಗಸರು ಒಲೆಯ ಮೇಲಿನದನ್ನು ಇಳಿಸಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಆ ದನಿ ಈಗಿಲ್ಲ. ಕಳೆದ ವರ್ಷ ಗಂಟಲಿನ ಗೆಡ್ಡೆ ತೆಗೆಸಿದ ಮೇಲೆ ಜೀವ ಉಳಿಯಿತು, ದನಿ ಹಿಂದಿರುಗಲಿಲ್ಲ. ಮಾತೆಂದರೆ ಬರೀ ಉಸಿರು. ಯಾರನ್ನಾದರೂ ಕರೆಯಬೇಕಾದರೆ ಅಡಕೊತ್ತನ್ನು ಟಕ್ ಟಕ್ ಎನ್ನಿಸುತ್ತಾರೆ. ಕಿವಿಯೂ ಮಂದವಾಗಿ ಮಿಷನ್ನು ಬಂದಿದೆ. ತಮ್ಮ ಮಾತ್ರ, ಗಾಯ ಮಾಗಿ ತಿಂಗಳುಗಳಾದರೂ, ಅಕ್ಕನ ಕತ್ತಿಗೆ ತಾನೇ ಹೊಲಿದ ಹತ್ತಿ ತುಂಬಿದ ಪಟ್ಟಿಯೊಂದನ್ನು ಸುತ್ತುವುದನ್ನು ಬಿಟ್ಟಿಲ್ಲ. ಆಪಾ ಅದನ್ನು ಬಿಚ್ಚಿ ಎಸೆಯುವುದು, ಅವರು ಹುಡುಕಿ ತಂದು ಮತ್ತೆ ಸುತ್ತುವುದು, ಇದು ದಿನದ ಕಾಯಕ.

ಅರ್ಜೂವಿನ ಮದುವೆ ಗೊತ್ತಾದಾಗ ಆಪಾ ಒಂದೇ ಒಂದನ್ನು ಕೇಳಿದರು. ಝುಬೇರನ ಮದುವೆಯ ಅರಿಸಿನದ ದಿನ ತಾವು ಹಾಡಿದ್ದನ್ನು ಅವನು ತನ್ನ ಪುಟ್ಟ ಎಂಪಿತ್ರೀ ಪ್ಲೇಯರಿನಲ್ಲಿ ಹಿಡಿದಿಟ್ಟಿದ್ದ. ಅದನ್ನು ಅರ್ಜೂವಿನ ಅರಿಸಿನಕ್ಕೆ ಹಾಕಬೇಕು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ, ತಲೆಯ ಎರಡು ಬದಿಗೆ ಎರಡು ಮೈಕು ಇದ್ದ ಆ ಪ್ಲೇಯರನ್ನು ಅವನು ಅಮ್ಮನ ಮುಂದೆ, ಸರಿಯಾಗಿ ನಡುವಿಗೆ ಇಟ್ಟು ಗುಂಡಿ ಒತ್ತಿದ್ದ. ಎಡಕ್ಕೆ ಡೋಲಕ್ಕು, ಬಲಕ್ಕೆ ಚಪ್ಪಾಳೆಯ ಹೆಂಗಸರು. ಆಪಾರ ದನಿ ಈ ಲೋಕದಲ್ಲಿ ಉಳಿದಿದ್ದರೆ ಅದರೊಳಗೆ ಮಾತ್ರ. ಅದನ್ನು ಕಂಪ್ಯೂಟರಿಗೆ ಜೋಡಿಸುವ ಬಾಯಿ ಎಂದೋ ಮುರಿದುಹೋಗಿತ್ತು. ಸ್ಪೀಕರಂತೂ ಅದಕ್ಕೆ ಮೊದಲಿಂದಲೂ ಇಲ್ಲ. ಇಯರ್‌ಫೋನ್ ಸಿಕ್ಕಿಸುವ ತೂತೊಂದೇ ಹೊರಗೆ ಬರುವ ದಾರಿ. ಕಿವಿಯ ಮಿಷನ್ನಿನ ಮೇಲೆ ಇಯರ್‌ಫೋನ್ ಇಟ್ಟರೆ ಆಪಾರಿಗೆ ಕೇಳುತ್ತಿದ್ದದ್ದು ಬರೀ ಕೀಚಲು ಶಿಳ್ಳೆ. ಆಪರೇಷನ್ನಿಗೆ ಹೋಗುವ ಮುಂಚೆ ಅವರು ಅದನ್ನು ತಮ್ಮನ ಕೈಗಿಟ್ಟು, "ಇದು ಜೋಪಾನ," ಎಂದಿದ್ದರು. ದನಿಯಿದ್ದಾಗ ಅವರು ತಮ್ಮನಿಗೆ ಹೇಳಿದ ಕೊನೆಯ ಮಾತು ಅದು.

ಜೋಪಾನ ಮಾಡೆಂದು ನಯಾಜ್ ಸಾಹೇಬರಿಗೆ ಹೇಳುವುದೂ ಒಂದೇ, ಮೀನಿಗೆ ಈಜು ಎನ್ನುವುದೂ ಒಂದೇ. ಅಂದೇ ಒಮ್ಮೆ ಕಿವಿಗೆ ಹಚ್ಚಿ ಕೇಳಿ, ಅಕ್ಕನ ದನಿ ಇದೆಯೆಂದು ಖಾತ್ರಿ ಮಾಡಿಕೊಂಡು, ಅದಕ್ಕೆ ತಮ್ಮ ಜೀವಮಾನದ ಅತ್ಯುತ್ತಮ ಗವಸನ್ನು ಹೊಲಿದರು. ಹೊರಗೆ ಹಸಿರು ವೆಲ್ವೆಟ್ಟು, ಒಳಗೆ ಹಿಂಜಿದ ಹತ್ತಿಯ ಪದರ, ನಾಲ್ಕೂ ಕಡೆ ಹೊಲಿಗೆ. ಬಿಚ್ಚುವ ಗುಂಡಿಯಿಲ್ಲ, ಜಿಪ್ಪಿಲ್ಲ, ಯಾಕೆಂದರೆ ಬಿಚ್ಚುವ ಜಾಗವೆಂದರೆ ಧೂಳಿನ ಹೆದ್ದಾರಿ. ಪಿನ್ನು ಹೋಗಲೆಂದು ಸೂಜಿಮೊನೆಯಿಂದ ಬಟ್ಟೆ ಸರಿಸಿ ಒಂದು ಸಣ್ಣ ತೂತು, ಗುಂಡಿಗಳಿದ್ದ ಕಡೆ ಮೇಲಿಂದ ಒತ್ತಲು ದಾರದ ಚುಕ್ಕಿ ಗುರುತು. ಅಷ್ಟು ಮಾಡಿ ಬೀರುವಿನಲ್ಲಿಟ್ಟವರು ಮದುವೆ ಹತ್ತಿರ ಬರುವವರೆಗೂ ಮುಟ್ಟಲಿಲ್ಲ.

ಇನ್ನು ಹಾಡಬೇಕಾದ ಸೆಟ್ಟು. ಭಾವ, ಅಂದರೆ ಆಪಾರ ಗಂಡ, ರಿಯಾದಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ತಂದ ಭಾರಿ ಸ್ಟೀರಿಯೋ ರಿಸೀವರ್ ಅದು, ಬೆಳ್ಳಿಬಣ್ಣದ ಮುಖ, ಅಂಗೈ ತುಂಬುವ ವಾಲ್ಯೂಮ್ ತಿರುಗಣೆ, ಇಕ್ಕೆಲದಲ್ಲಿ ಸೊಂಟದೆತ್ತರದ ಎರಡು ಸ್ಪೀಕರು. ಪರದೆಯಂಥ ಗವಸಿನೊಳಗೆ ವರ್ಷವೆಲ್ಲ ಕಳೆದು ರಂಜಾನಿಗೊಮ್ಮೆ ಮುಖ ತೋರಿಸುತ್ತದೆ. ಹಾಗಲವಾಡಿಯ ಗಂಗಹನುಮಯ್ಯನವರು, ತಮ್ಮ ಹೊಲದ ಬದುವಿನ ಬೂರುಗದ ಮರಗಳ ಹತ್ತಿಯನ್ನು ಸಾಹೇಬರ ಅಂಗಡಿಗೆ ತಂದು ಹಾಕುವ ಹಳೆಯ ಗೆಳೆಯರು, ಅದನ್ನು ನೋಡಿದಾಗಲೆಲ್ಲ, "ಸಾಬ್ರೇ, ಇದು ಹಾಡಿದ್ದಕ್ಕಿಂತ ನಿದ್ದೆ ಮಾಡಿದ್ದೇ ಜಾಸ್ತಿ ಐತೆ," ಎನ್ನುತ್ತಾರೆ. ಸಾಹೇಬರು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದಾರೆ.

ಅರಿಸಿನಕ್ಕೆ ಎರಡು ದಿನ ಇರುವಾಗ ಝುಬೇರ್ ಫೋನಿನಲ್ಲಿ ದಾರಿ ಹೇಳಿದ. ಒಂದು ಕಡೆ ಸಣ್ಣ ಪಿನ್ನು, ಇನ್ನೊಂದು ಕಡೆ ಕೆಂಪು ಬಿಳಿ ಎರಡು ಪಿನ್ನು ಇರುವ ವೈರು ತರಬೇಕು. ಸಣ್ಣದು ಪ್ಲೇಯರಿಗೆ, ಕೆಂಪು ಬಿಳಿ ಸೆಟ್ಟಿನ ಬೆನ್ನಿಗೆ. "ಆಕ್ಸ್ ಅಂತ ಬರ್ದಿರೋ ತೂತಿಗೆ ಹಾಕಿ ಮಾಮು. ಫೋನೋ ಅಂತ ಇನ್ನೊಂದು ಇರುತ್ತೆ, ಅದಕ್ಕೆ ಮಾತ್ರ ಬೇಡ, ದನಿ ಒಡೆದುಹೋಗುತ್ತೆ. ಸೆಟ್ಟಿನ ವಾಲ್ಯೂಮ್ ಮೊದ್ಲು ಕಮ್ಮಿ ಇಟ್ಕೊಂಡು ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡಿ." ಸಾಹೇಬರು ಕನ್ನಡಕ ಒರೆಸಿಕೊಂಡು, ಸೆಟ್ಟಿನ ಗವಸು ಕಳಚಿ ಮಡಿಸಿಟ್ಟು, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ದಾರದ ಚುಕ್ಕಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು.

ಡೋಲಕ್ಕು ಬಂತು. ಚಪ್ಪಾಳೆ ಬಂತು. ಬಳೆಗಳ ಸದ್ದು, ಯಾವುದೋ ಮಗುವಿನ ಅಳು, ಲೋಟ ಬಿದ್ದ ಸಪ್ಪಳ, ಎಲ್ಲವೂ ಬಂದವು. ದನಿ ಬರಲಿಲ್ಲ. ಹಾಡು ಶುರುವಾಗಬೇಕಾದ ಜಾಗದಲ್ಲಿ ದೂರದ ಬಾವಿಯೊಳಗೆ ಯಾರೋ ಗೊಣಗಿದಂಥ ನೆರಳೊಂದು ಸುಳಿದು ಹೋಯಿತು. ಮರುಕ್ಷಣ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಯಾರೂ ಹಾಡದ ಹಾಡಿಗೆ ಅವರು ನಗುತ್ತಿದ್ದರು. ಸಾಹೇಬರು ವಾಲ್ಯೂಮ್ ಹೆಚ್ಚಿಸಿದರು. ನಗು ಹೆಚ್ಚಾಯಿತು, ಡೋಲಕ್ಕು ಹೆಚ್ಚಾಯಿತು, ನಡುವೆ ಇದ್ದ ಬರಿದೂ ಹೆಚ್ಚಾಯಿತು. ವೈರು ತೆಗೆದು ಇಯರ್‌ಫೋನ್ ಸಿಕ್ಕಿಸಿ ಕೇಳಿದರು, ಅಲ್ಲೂ ಅಷ್ಟೆ. ಅಂದರೆ ತಪ್ಪು ವೈರಿನದಲ್ಲ, ಸೆಟ್ಟಿನದಲ್ಲ. ಒಳಗೇ ದನಿ ಹೋಗಿದೆ.  ಗವಸು ಹೊಲಿಯುವಾಗ ಪ್ಲೇಯರನ್ನು ತೊಡೆಯ ನಡುವೆ ಇರುಕಿಕೊಂಡಿದ್ದು ಸಾಹೇಬರಿಗೆ ನೆನಪಾಯಿತು. ಆಗ ಯಾವುದೋ ಗುಂಡಿ ಒತ್ತಿಹೋಗಿರಬೇಕು. ಜೋಪಾನ ಮಾಡು ಎಂದು ಅಕ್ಕ ಕೊಟ್ಟಿದ್ದನ್ನು ತನ್ನ ಕೈಯೇ ಅಳಿಸಿರಬೇಕು.

ಝುಬೇರನಿಗೆ ಮತ್ತೆ ಫೋನು ಹೋಯಿತು. "ಪಿನ್ನು ಪೂರ್ತಿ ಒಳಗೆ ಹೋಗಿದೆಯಾ ಮಾಮು?" ಎಂದು ಅವನು ಕೇಳಿದ. "ಹೋಗೋವಷ್ಟೂ ಹೋಗಿದೆ ಕಣಪ್ಪ," ಎಂದರು ಇವರು. ಮಾರನೆಯ ದಿನ ಬೆಳಿಗ್ಗೆ ಸದಾಶಿವನಗರದಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟಿರುವ ಮಲ್ಲಿಕಾರ್ಜುನ್ ಹತ್ತಿರ ಒಯ್ದರು. ಆತ ಪ್ಲೇಯರನ್ನು ತಿರುಗಿಸಿ ಮುರುಗಿಸಿ ನೋಡಿ, ಗವಸು ಬಿಚ್ಚಲು ಕತ್ತರಿ ಎತ್ತಿಕೊಂಡ. ಸಾಹೇಬರು ಆತನ ಕೈ ಹಿಡಿದರು.

"ಅದನ್ನ ಬಿಚ್ಚಬೇಡಪ್ಪ. ಹಾಗೇ ನೋಡು."

"ಅಂಗಿ ಬಿಚ್ಚದೆ ಡಾಕ್ಟ್ರು ಎದೆ ನೋಡೋದು ಹೆಂಗೆ ಸಾರ್?"

"ಅಂಗಿ ಮೇಲೇ ಇಟ್ಟು ನೋಡ್ತಾರಲ್ಲ. ಈಗಾಗ್ಲೇ ಅರ್ಧ ಹೋಗಿದೆ. ಇನ್ನು ಇದೂ ಬಿಚ್ಚಿ ಧೂಳು ಹೊಕ್ಕರೆ ಇರೋ ಡೋಲಕ್ಕೂ ಹೋಗುತ್ತೆ."

ಮಲ್ಲಿಕಾರ್ಜುನ್ ಸೋತು, ಇದ್ದ ಹಾಗೆಯೇ ತನ್ನ ಸ್ಪೀಕರಿಗೆ ಹಚ್ಚಿ ಕೇಳಿದ. ಅಲ್ಲೂ ಬಂದದ್ದು ನಗು, ಬಳೆ, ಮಗುವಿನ ಅಳು. "ಫೈಲೇ ಕೆಟ್ಟಿರ್ಬೇಕು ಸಾರ್," ಎಂದು ಕೈಚೆಲ್ಲಿದ. ಅಲ್ಲಿಂದ ಉಪ್ಪಾರಹಳ್ಳಿಗೆ ಹಿಂದಿರುಗುವಾಗ ಸಾಹೇಬರು ಸ್ಕೂಟರಿನ ಕನ್ನಡಿಗಳ ಗವಸು ತೆಗೆಯುವುದನ್ನೇ ಮರೆತಿದ್ದರೆಂದೂ, ಹಿಂದಿನಿಂದ ಬರುತ್ತಿದ್ದ ಲಾರಿಯವನು ದಾರಿಯುದ್ದಕ್ಕೂ ಹಾರನ್ ಮಾಡುತ್ತ ಬಂದನೆಂದೂ ಆಮೇಲೆ ತಿಳಿಯಿತು. ಹೆಂಡತಿ ತಹಸೀನ್ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಒಳಕೋಣೆಯಿಂದ ಅಡಕೊತ್ತು ಟಕ್ ಟಕ್ ಎಂದರೆ ಕೇಳದವರಂತೆ ಹಿತ್ತಲಿಗೆ ಹೋದರು. ಅಕ್ಕನಿಗೆ ಮುಖ ತೋರಿಸುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲ.

ಆ ಮಧ್ಯಾಹ್ನ ಗಂಗಹನುಮಯ್ಯನವರು ಅರಿಸಿನದ ಕೊಂಬು, ಬಾಳೆಎಲೆ, ಎಳನೀರು ಹೇರಿಕೊಂಡು ಹಾಗಲವಾಡಿಯಿಂದ ಬಂದಿಳಿದರು. ಅವರು ಬಂದರೆ ಆ ಮನೆಯಲ್ಲಿ ಒಳಮಾತೂ ಕನ್ನಡಕ್ಕೆ ತಿರುಗುತ್ತದೆ. ಅತಿಥಿಯ ಎದುರು ಅವರಿಗೆ ತಿಳಿಯದ ಮಾತಾಡಬಾರದೆನ್ನುವುದು ಆಪಾ ಹಾಕಿಕೊಟ್ಟ ಕಟ್ಟಲೆ. ಗೆಳೆಯನ ಮುಖ ನೋಡಿಯೇ ಅವರು ಹೊರೆ ಕೆಳಗಿಟ್ಟು ಸೆಟ್ಟಿನ ಮುಂದೆ ನೆಲದ ಮೇಲೆ ಕೂತರು.

"ಏನ್ ಸಾಬ್ರೇ, ಮದ್ವೆ ಮನೆಯಾಗೆ ಹಿಂಗ್ ಕುಂತಿದೀರಿ?"

"ಆಪಾನ ದನಿ ಕಳೆದುಬಿಟ್ಟೆ ಹನುಮಣ್ಣ. ಉಳಿದಿದ್ದು ಇದೊಂದೇ. ಇದನ್ನೂ ನಾನೇ ಕೈಯಾರೆ ಅಳಿಸಿಬಿಟ್ಟೆ." ಹೇಳುವಾಗ ಸಾಹೇಬರ ಕೈ ಸುಮ್ಮನಿರದೆ ಗೆಳೆಯ ತಂದ ಎಳನೀರಿನ ಸುತ್ತಳತೆ ತೆಗೆಯುತ್ತಿತ್ತು.

"ಅವ್ರಿಗೆ ಹೇಳಿದ್ರಾ?"

"ಹೇಗೆ ಹೇಳ್ಲಿ? ದಿನಾ ಕೇಳ್ತಿದಾಳೆ. ನಾಳೆ ನನ್ ದನಿ ಬರುತ್ತಲ್ಲ, ಅಂತ ಸನ್ನೆ ಮಾಡ್ತಾಳೆ."

ಟಕ್ ಎಂದಿತು. ಆಪಾ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಎಷ್ಟು ಕೇಳಿಸಿತೋ, ತಮ್ಮನ ಬೆನ್ನು ನೋಡಿಯೇ ಎಷ್ಟು ತಿಳಿಯಿತೋ. ಬಂದು ಸ್ಪೀಕರಿನ ಪಕ್ಕ ಮಣೆ ಹಾಕಿಕೊಂಡು ಕೂತು, ಹಾಕು ಎಂದು ಗದ್ದ ಎತ್ತಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಸಾಹೇಬರು ವೈರು ಜೋಡಿಸಿ, ಆಪಾರಿಗೆ ಕೇಳಲೆಂದು ಮಿತಿ ಮೀರಿ ವಾಲ್ಯೂಮ್ ಏರಿಸಿ, ದಾರದ ಚುಕ್ಕಿಯನ್ನು ಒತ್ತಿದರು. ಡೋಲಕ್ಕು ಗುಡುಗಿತು. ಆಪಾ ಅಂಗೈಯನ್ನು ಸ್ಪೀಕರಿನ ಮೇಲಿಟ್ಟುಕೊಂಡರು. ತಾಳ ಗುರುತಿಸಿ ಅವರ ಮುಖ ಅರಳಿತು, ಹಾಡು ಬರಬೇಕಾದ ಕಡೆ ತುಟಿ ತಾನಾಗಿ ಅಲುಗಿತು. ಸದ್ದು ಬರಲಿಲ್ಲ, ಅತ್ತ ಸ್ಪೀಕರಿನಿಂದಲೂ ಇಲ್ಲ, ಇತ್ತ ಗಂಟಲಿನಿಂದಲೂ ಇಲ್ಲ. ಹೆಂಗಸರು ನಕ್ಕರು. ಆಪಾ ಕಿವಿಯ ಮಿಷನ್ನು ಸರಿಮಾಡಿಕೊಂಡು ಮತ್ತೆ ಕೇಳಿದರು. ಆಮೇಲೆ ತಮ್ಮನ ಕಡೆ ತಿರುಗಿದರು.

"ನಾನೇ ಆಪಾ," ಎಂದರು ಸಾಹೇಬರು. "ಹೊಲಿಯುವಾಗ ಒತ್ತಿಹೋಯ್ತು ಅಂತ ಕಾಣುತ್ತೆ. ನಿನ್ ದನಿ ನಾನೇ ಅಳಿಸಿದೆ." ಅರವತ್ತು ದಾಟಿದ ಮನುಷ್ಯ, ಅಕ್ಕನ ಮುಂದೆ ತಲೆ ತಗ್ಗಿಸಿ ಹುಡುಗನಂತೆ ಅತ್ತುಬಿಟ್ಟರು. ಗಂಗಹನುಮಯ್ಯನವರು ಬಾಗಿಲ ಕಡೆ ನೋಡುತ್ತ ಕೂತರು.

ಆಪಾ ಬೈಯಲಿಲ್ಲ. ಕೈಚಾಚಿ ಪ್ಲೇಯರನ್ನು ಎತ್ತಿಕೊಂಡು, ಆ ಹಸಿರು ವೆಲ್ವೆಟ್ಟನ್ನು ಹಿಂದೆ ಮುಂದೆ ಹೊರಳಿಸಿ, ಎಲ್ಲಿಯೂ ಬಾಯಿ ಕಾಣದೆ ಹುಬ್ಬು ಗಂಟಿಕ್ಕಿದರು. ಅದರಲ್ಲಿ ಅವರಿಗೆ ತಂತ್ರಜ್ಞಾನವೇನೂ ಕಾಣಲಿಲ್ಲ. ಕಂಡದ್ದು ಹೊದಿಕೆಯೊಳಗೆ ಸಿಕ್ಕಿಕೊಂಡ ಒಂದು ಪ್ರಾಣಿ. ತಮ್ಮನ ಕಿವಿಯ ಹತ್ತಿರ ಬಾಗಿ, ಬರೀ ಉಸಿರಿನಲ್ಲಿ, ಒಂದೇ ಮಾತು ಹೇಳಿದರು: "ಕೋಳಿಮರಿ."

ಹೇಳಿ, ಅಡಕೊತ್ತಿನ ಬಾಯಿಗೆ ಹೊಲಿಗೆ ಕೊಟ್ಟು ಕಟಕ್ಕೆಂದು ಕತ್ತರಿಸಿದರು. ಸಾಹೇಬರು ಬೇಡವೆಂದು ಕೈ ಎತ್ತುವಷ್ಟರಲ್ಲಿ ಎರಡನೆಯದೂ ಹೋಯಿತು. ಹತ್ತಿ ಹೊರಬಂತು, ಸಿಪ್ಪೆ ಸುಲಿದ ಹಾಗೆ ವೆಲ್ವೆಟ್ಟು ಕಳಚಿ ಬಿತ್ತು. ಆ ಎಳೆದಾಟದಲ್ಲಿ ಪಿನ್ನು ಕಿತ್ತು ಬಂದು ಡೋಲಕ್ಕೂ ನಿಂತಿತ್ತು. ಬರಿಮೈಯಾದ ಪ್ಲೇಯರನ್ನು ಆಪಾ ಸೆರಗಿನಿಂದ ಒಮ್ಮೆ ಒರೆಸಿ, ಪಿನ್ನನ್ನು ತೂತಿಗಿಟ್ಟು, ಎಲೆಗೆ ಲವಂಗ ಚುಚ್ಚುವಂತೆ ಹೆಬ್ಬೆರಳಿನಿಂದ ಒತ್ತಿದರು. ಒಳಗೆ ಸಣ್ಣಗೆ ಟಿಕ್ ಎಂದಿತು. ಗವಸಿನ ದಪ್ಪ ಇಷ್ಟು ದಿನ ತಡೆದಿದ್ದ ಒಂದು ಅಕ್ಕಿಕಾಳಿನಷ್ಟು ದೂರವನ್ನು ಆ ಪಿನ್ನು ಈಗ ದಾಟಿತ್ತು. ಪಿನ್ನು ಪೂರ್ತಿ ಕೂರದಿದ್ದರೆ ಎಡಬಲದ ಸದ್ದು ಮಾತ್ರ ಉಳಿದು, ಎರಡೂ ಮೈಕಿಗೆ ಸಮನಾಗಿ ಬಿದ್ದ ನಡುವಿನ ದನಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆಂದು ಝುಬೇರ್ ಆಮೇಲೆ ವಿವರಿಸಿದ.

ಮರುಗಳಿಗೆ ಆಪಾರ ದನಿ ಮನೆ ತುಂಬಿತು. ವಾಲ್ಯೂಮ್ ಏರಿಸಿಟ್ಟದ್ದನ್ನು ಇಳಿಸುವ ಗೊಡವೆ ಯಾರಿಗೂ ಇರಲಿಲ್ಲ. ಕಿಟಕಿಯ ಗಾಜು ನಡುಗಿತು, ಒಳಗಿದ್ದ ತಹಸೀನ್ ಸೌಟು ಹಿಡಿದೇ ಓಡಿಬಂದಳು, ಮದುಮಗಳು ಅರ್ಜೂ, "ಫುಪ್ಪು, ಫುಪ್ಪು," ಎನ್ನುತ್ತ ಬಂದು ಅತ್ತೆಯ ಕೊರಳಿಗೆ ಜೋತುಬಿದ್ದಳು, ಬೀದಿಯಲ್ಲಿ ಸೊಪ್ಪು ಕೊಳ್ಳುತ್ತಿದ್ದ ಹೆಂಗಸರು ಸೊಪ್ಪು ಬಿಟ್ಟು ಬಾಗಿಲಿಗೆ ಬಂದರು. ಆಪರೇಷನ್ನಿಗೆ ಮುಂಚಿನ ಅದೇ ದಪ್ಪ ದನಿ, ಅದೇ ಅಂಜದ ದನಿ, ಕನ್ನಡದ ಸಾಲಿನಲ್ಲಿತ್ತು ಆಗ: ಊರಿಗೆಲ್ಲ ಗವಸು ಹೊಲಿದ ನಮ್ಮ ತಮ್ಮಯ್ಯ, ಧೂಳು ಕೂತೀತೆಂದು ಚಂದ್ರನಿಗೂ ಹೊಲಿದ, ಅಂದಿನಿಂದ ಊರಿಗೆಲ್ಲ ಅಮಾವಾಸ್ಯೆ ಕಾಣಮ್ಮ. ಹೆಂಗಸರು ಗೊಳ್ಳೆಂದು ನಕ್ಕರು. ಇಷ್ಟು ಹೊತ್ತು ಅವರು ನಕ್ಕಿದ್ದು ಯಾವುದಕ್ಕೆಂದು ಈಗ ತಿಳಿಯಿತು.

ನಯಾಜ್ ಸಾಹೇಬರು ನೆಲದ ಮೇಲೆ ಬಿದ್ದಿದ್ದ ವೆಲ್ವೆಟ್ಟಿನ ಚೂರನ್ನೇ ಎತ್ತಿ ಕಣ್ಣೊರೆಸಿಕೊಂಡರು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದದ್ದು ಅವರ ಭುಜದಲ್ಲಿ ಕಾಣಿಸಿತು. ಎಂದೂ ಎಡಕ್ಕೆ ವಾಲಿರುವವರು ನೆಟ್ಟಗೆ ಕೂತಿದ್ದರು. ಅಕ್ಕ ಅಳುತ್ತಾಳೇನೋ ಎಂದು ಅವರು ನೋಡಿದರೆ, ಆಪಾ ಹುಬ್ಬೇರಿಸಿಕೊಂಡು, ಬೇರೆ ಯಾರದೋ ಹಾಡನ್ನು ತೂಗಿ ನೋಡುವವರ ಹಾಗೆ ಕೇಳುತ್ತಿದ್ದರು. "ಇಷ್ಟು ಜೋರಾ ನಾನು?" ಎಂದು ತುಟಿಯಲ್ಲೇ ಕೇಳಿದರು.

"ಇದ್ಕಿಂತ ಜೋರು ಅಕ್ಕಾರೇ," ಎಂದರು ಗಂಗಹನುಮಯ್ಯನವರು. "ಹಾಗಲವಾಡಿಗೆ ಕೇಳ್ತಿತ್ತು." ಆಪಾ ಮೈ ಕುಲುಕಿಸಿ ನಕ್ಕರು. ಆ ನಗುವಿಗೆ ಸದ್ದಿರಲಿಲ್ಲ, ಆದರೆ ಸದ್ದು ಸೆಟ್ಟಿನಿಂದ ಬರುತ್ತಿತ್ತು. ನಕ್ಕು ಮುಗಿಸಿ ಕತ್ತಿನ ಹತ್ತಿಪಟ್ಟಿಯನ್ನು ಬಿಚ್ಚಿ ತಮ್ಮನ ತೊಡೆಯ ಮೇಲೆ ಹಾಕಿದರು. ಅವರು ಅದನ್ನು ಮತ್ತೆ ಸುತ್ತಲು ಹೋಗಲಿಲ್ಲ.

ಮಾರನೆಯ ದಿನ ಅರಿಸಿನ ಚೆನ್ನಾಗಿಯೇ ನಡೆಯಿತು. ಕುಣಿಗಲ್ಲಿನಿಂದ ಬಂದ ಝುಬೇರ್, ಗವಸಿನ ಕಥೆ ಕೇಳಿ ಗೋಡೆಗೆ ಒರಗಿ ನಕ್ಕು, ಮೊದಲು ಮಾಡಿದ ಕೆಲಸವೆಂದರೆ ಆ ಹಾಡನ್ನು ಸೆಟ್ಟಿನಿಂದ ನಾಲ್ಕಾರು ಜನರ ಮೊಬೈಲಿಗೆ ಹಿಡಿಸಿದ್ದು. ಆಪಾರ ದನಿ ಈಗ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಎಷ್ಟೋ ಜೇಬುಗಳಲ್ಲಿ ಓಡಾಡಿಕೊಂಡಿದೆ, ಇನ್ನು ಯಾರ ಹೆಬ್ಬೆರಳಿಗೂ ಅಳಿಯುವುದಿಲ್ಲ. ಆಪಾ ಸ್ಪೀಕರಿನ ಪಕ್ಕ ಕೂತು ತಮ್ಮದೇ ಹಾಡಿಗೆ ತುಟಿ ಕೊಡುತ್ತ ಅರ್ಜೂವಿನ ಕೆನ್ನೆಗೆ, ಕೈಗೆ ಅರಿಸಿನ ಹಚ್ಚಿದರು. ಬೀಗರ ಸಾಲು ಬಂದಾಗ ಹಳೆಯ ಹಾಡಿನಲ್ಲಿದ್ದದ್ದು ಝುಬೇರನ ಬೀಗರಾದ್ದರಿಂದ, ಗುಬ್ಬಿಯವರು ಬಚಾವಾದೆವೆಂದು ನಿರಾಳವಾಗಿ ನಕ್ಕರು. ನಡುವೆ ಯಾವಾಗಲೋ ಹುಮ್ಮಸ್ಸಿನಲ್ಲಿ ಆಪಾ ಅದೇ ಅರಿಸಿನದ ಕೈಯಲ್ಲಿ ವಾಲ್ಯೂಮ್ ತಿರುಗಿಸಿಬಿಟ್ಟರು. ವರ್ಷಗಟ್ಟಲೆ ಒಂದು ಗೀರು ಕಾಣದ ಬೆಳ್ಳಿಮುಖದ ಮೇಲೆ ಮೂರು ಹಳದಿ ಬೆರಳಚ್ಚು ಮೂಡಿದವು. ಬೀದಿಯವರೆಲ್ಲ ಉಸಿರು ಹಿಡಿದು ಸಾಹೇಬರ ಕಡೆ ನೋಡಿದೆವು. ಅವರು ಜೇಬಿನಿಂದ ಕರವಸ್ತ್ರ ತೆಗೆದರು, ಒಂದು ಕ್ಷಣ ನಿಂತರು, ತಮ್ಮ ಮುಖ ಒರೆಸಿಕೊಂಡು ಮತ್ತೆ ಜೇಬಿಗಿಟ್ಟರು.

ಇಷ್ಟಾದ ಮೇಲೆ ನಯಾಜ್ ಸಾಹೇಬರು ಗವಸು ಹೊಲಿಯುವುದನ್ನು ಬಿಟ್ಟಿರಬೇಕೆಂದು ಯಾರಾದರೂ ತಿಳಿದರೆ ಅವರಿಗೆ ಹಾಸ್ಯವೂ ಗೊತ್ತಿಲ್ಲ, ಮನುಷ್ಯರೂ ಗೊತ್ತಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸಿದ ವಾರದಲ್ಲೇ ಪ್ಲೇಯರಿಗೆ ಹೊಸದೊಂದು ಸಿದ್ಧವಾಯಿತು, ಈ ಸಲ ನೀಲಿಯದು. ಒಂದು ವ್ಯತ್ಯಾಸವಿತ್ತು: ಪಿನ್ನಿನ ಜಾಗದಲ್ಲಿ ಸೂಜಿಮೊನೆಯ ತೂತಿನ ಬದಲು ಅಂಗಿಯ ಗುಂಡಿಗೆ ಹೊಲಿಯುವಂಥ ಕಾಜಾ, ಹೆಬ್ಬೆರಳು ಹೋಗುವಷ್ಟು ಅಗಲವಾದದ್ದು, ಸುತ್ತ ಅಚ್ಚುಕಟ್ಟಾಗಿ ದಾರ ಕಟ್ಟಿದ್ದು. ಅದಕ್ಕೆ ಹೊರಗಿನ ಗಾಳಿ ಹೋಗುತ್ತದಲ್ಲ ಸಾಹೇಬರೇ ಎಂದು ಕೇಳಿದ್ದಕ್ಕೆ, "ಹೋಗ್ಲಿ ಬಿಡ್ರೀ. ಒಳಗಿರೋದು ಬರ್ಬೇಕಲ್ಲ," ಎಂದರು. ಧೂಳಿನ ಮಾತನ್ನು ಅಂದು ಅವರು ಎತ್ತಲಿಲ್ಲ.

ಲೋಕದಲ್ಲಿ ಹೊದಿಸುವವರದೇ ಒಂದು ಕುಲವಿದೆ. ಮಕ್ಕಳಿಗೆ ಎರಡು ಸ್ವೆಟರು ಹಾಕುವವರು, ಒಳ್ಳೆಯ ಪಿಂಗಾಣಿ ಬಟ್ಟಲನ್ನು ನೆಂಟರಿಗೂ ಕೊಡದೆ ಬೀರುವಿನಲ್ಲಿಡುವವರು, ಪ್ರೀತಿಯ ಮಾತನ್ನು ಹೊರಗೆ ಬಿಟ್ಟರೆ ಸವೆದೀತೆಂದು ಗಂಟಲಲ್ಲೇ ಕಾಪಾಡುವವರು ಎಲ್ಲರೂ ಅದೇ ಕುಲದವರು. ಹಿಂದೆಂದೋ ಒಂದು ರೇಡಿಯೋ, ಒಂದು ಎದೆ ಕಣ್ಣೆದುರೇ ನಿಂತುಹೋದದ್ದನ್ನು ಕಂಡವರು ಅವರು. ಅವರನ್ನು ನಕ್ಕು ತಿದ್ದಲಾಗುವುದಿಲ್ಲ, ತಿದ್ದಬೇಕಾಗಿಯೂ ಇಲ್ಲ. ಅವರ ಹೊಲಿಗೆಯ ಪಕ್ಕದಲ್ಲಿ ಅಡಕೊತ್ತು ಹಿಡಿದ ಯಾರಾದರೊಬ್ಬರು ಇದ್ದರಾಯಿತು. ಸೆಟ್ಟಿಗೆ ಮತ್ತೆ ಗವಸು ಬಿದ್ದಿದೆ. ಅದನ್ನೆತ್ತಿ ನೋಡಿದರೆ ಆ ಮೂರು ಹಳದಿ ಬೆರಳಚ್ಚು ಇನ್ನೂ ಹಾಗೆಯೇ ಇವೆ. ಅವುಗಳ ಮೇಲೆ ಧೂಳು ಕೂರದಂತೆ ಸಾಹೇಬರು ನೋಡಿಕೊಂಡಿದ್ದಾರೆ.